ಐದು ವೋಲ್ಟು ಎಲ್ಲಿಯವರೆಗೆ ತಲುಪಿತು?

ಮನೆಗೆ ಬಂದವರ ಕಣ್ಣು ನನ್ನ ಮೇಜಿನ ಮೇಲಿರುವ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಮೇಲೆ ಬಿದ್ದ ಕೂಡಲೇ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದು ಆನ್ ಆಗ್ತದಾ?" ಹಾಗೆ ಕೇಳುವವರಲ್ಲಿ ಎಂಜಿನಿಯರುಗಳಿದ್ದಾರೆ, ಶಾಲೆಯಲ್ಲಿ ಇಂಥದ್ದೇ ಯಂತ್ರದ ಮುಂದೆ ಕುಳಿತಿದ್ದವರಿದ್ದಾರೆ, ಅದನ್ನು ಟೈಪ್‌ರೈಟರ್ ಎಂದುಕೊಂಡ ಮಕ್ಕಳೂ ಇದ್ದಾರೆ. ಕೆಲವರಂತೂ ಕೇಳುತ್ತ ಕೇಳುತ್ತಲೇ ಹಿಂಬದಿಯ ಸ್ವಿಚ್ಚಿನತ್ತ ಕೈ ಚಾಚುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಯಂತ್ರ ಇರುವುದೇ ನಡೆಸಲಿಕ್ಕೆ. ಆದರೂ ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತ ಬಂದಿದೆ. ಕರೆಂಟ್ ಬರುತ್ತದೆ ಇಲ್ಲವೇ ಬರುವುದಿಲ್ಲ, ಇವೆರಡರಲ್ಲಿ ಒಂದು ನಿಜವಾಗಿರಲೇಬೇಕು ಎಂಬ ನಂಬಿಕೆ ಅದರೊಳಗೆ ಇದೆ. ನಲವತ್ತು ವರ್ಷ ಹಳೆಯ ಕಂಪ್ಯೂಟರಿನಲ್ಲಿ ವಿದ್ಯುತ್ತಿನ ದೋಷವನ್ನು ಹುಡುಕಲು ಕುಳಿತವನು ಆ ನಂಬಿಕೆಯನ್ನು ಬದಿಗಿಡದೆ ಒಂದು ಹೆಜ್ಜೆಯೂ ಮುಂದೆ ಹೋಗಲಾರ.

ಎಂಬತ್ತರ ದಶಕದಲ್ಲಿ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರಿನ ಪಕ್ಕದ ಮನೆಯಲ್ಲಿ ಟ್ಯೂಬ್‌ಲೈಟ್ ಚೆನ್ನಾಗಿ ಉರಿಯುತ್ತಿರುವಾಗಲೇ, ಅದೇ ಲೈನಿನ ಕೊನೆಯ ಕಂಬದಿಂದ ಕರೆಂಟ್ ಪಡೆದ ಮನೆಯಲ್ಲಿ ಸಂಜೆ ಏಳರ ಹೊತ್ತಿಗೆ ಬಲ್ಬಿನ ಒಳಗಿನ ತಂತಿ ಬರಿಯ ಕೆಂಪಾಗಿ ಕಾಣಿಸುತ್ತಿತ್ತು; ನಡುವೆ ಯಾರದೋ ಅಡಿಕೆ ತೋಟದ ಪಂಪು ನಿಂತ ಮೇಲೆಯೇ ಅದು ಬೆಳಗುತ್ತಿತ್ತು. ಎರಡೂ ಮನೆಗಳಲ್ಲಿ ಕರೆಂಟ್ ಇತ್ತು, ಆದರೆ ಎರಡೂ ಕಡೆ ಒಂದೇ ಅಳತೆಯಲ್ಲಿ ಇರಲಿಲ್ಲ. ಒಂದಡಿ ಅಗಲದ ಸರ್ಕ್ಯೂಟ್ ಬೋರ್ಡಿನಲ್ಲಿಯೂ ನಡೆಯುವುದು ಅದೇ. ತಂತಿಗೆ ತಡೆಯಿದೆ, ಜೋಡಣೆಗೆ ತಡೆಯಿದೆ, ಹರಿಯುವ ಕರೆಂಟ್ ಹೆಚ್ಚಿದಷ್ಟೂ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜೂ ಹೆಚ್ಚುತ್ತದೆ. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಗೋಡೆಯ ಪ್ಲಗ್ಗಿನಿಂದ ಹೊರಟದ್ದು ಎಲ್ಲಿಯವರೆಗೆ ಸರಿಯಾಗಿ ಬಂತು, ಎಲ್ಲಿಂದ ಕಡಿಮೆಯಾಯಿತು?

ಮುಳ್ಳು ನಿಲ್ಲುವವರೆಗೆ

ಬಿಬಿಸಿ ಮೈಕ್ರೋ 1981ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿಯಿಂದ ಹೊರಬಂದ ಯಂತ್ರ. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, 32 ಕಿಲೋಬೈಟ್ ಮೆಮರಿ. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯ ಮೂಲಕ ಅದು ನಮ್ಮ ದೇಶದ ಶಾಲೆಗಳಿಗೆ ಬಂತು. ನನ್ನ ವಯಸ್ಸಿನ ಅನೇಕರಿಗೆ ಕಂಪ್ಯೂಟರ್ ಎಂದರೆ ಮೊದಲು ನೆನಪಾಗುವುದು ಅದರ ಕಪ್ಪು ಕೀಲಿಗಳು ಮತ್ತು ಮೇಲಿನ ಸಾಲಿನ ಕೆಂಪು ಬಣ್ಣದ ಕೀಲಿಗಳು.

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಬಾಗಿಲಿನಲ್ಲಿ ಚಪ್ಪಲಿ ಬಿಡಬೇಕಾಗಿತ್ತು. ಕಿಟಕಿಗಳಿಗೆ ದಪ್ಪ ಪರದೆ, ಮೇಜಿನ ಕೆಳಗೆ ಬೂದು ಬಣ್ಣದ ಒಂದು ಸ್ಟೆಬಿಲೈಸರ್. ಅದರ ಮುಖದಲ್ಲಿ ಗಾಜಿನ ಹಿಂದೆ ಮುಳ್ಳೊಂದು ಅಲುಗುತ್ತಿತ್ತು. ವೋಲ್ಟೇಜ್ ಏರಿಳಿದಾಗಲೆಲ್ಲ ಒಳಗಿನ ರಿಲೇ ಟಕ್ಕೆಂದು ಸದ್ದು ಮಾಡುತ್ತಿತ್ತು. ನಮ್ಮ ಮಾಷ್ಟ್ರು ನಮ್ಮನ್ನೆಲ್ಲ ಕುಳ್ಳಿರಿಸಿ, ತಾವು ಆ ಸ್ಟೆಬಿಲೈಸರಿನ ಮುಂದೆ ಬಗ್ಗಿ, ಮುಳ್ಳನ್ನೇ ನೋಡುತ್ತ ನಿಲ್ಲುತ್ತಿದ್ದರು. ನಮಗೆ ಕಾಯುವ ತಾಳ್ಮೆ ಇರುತ್ತಿರಲಿಲ್ಲ. "ಸಾರ್, ಆನ್ ಮಾಡಿ ಸಾರ್" ಎಂದು ಯಾರಾದರೂ ಹಿಂದಿನಿಂದ ಹೇಳಿದರೆ, ತಲೆ ಎತ್ತದೆಯೇ ಅವರು ಹೇಳುತ್ತಿದ್ದರು: "ಮುಳ್ಳು ನಿಲ್ಲಲಿ, ಮತ್ತೆ ನೋಡುವ." ಬೇಸಿಗೆಯ ಕೊನೆಯಲ್ಲಿ, ಸಂಜೆಯ ಗುಡುಗು ದೂರದ ಘಟ್ಟದ ಕಡೆಯಿಂದ ಕೇಳಿಸಿದ ದಿನ ಅವರು ಸ್ವಿಚ್ ಆರಿಸಿ ಸುಮ್ಮನಾಗುತ್ತಿರಲಿಲ್ಲ; ಪ್ಲಗ್ಗನ್ನೇ ಕಿತ್ತು, ಅದರ ಮೂರೂ ಪಿನ್ನುಗಳು ಮೇಲ್ಮುಖವಾಗಿ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಡುತ್ತಿದ್ದರು.

ಸ್ವಿಚ್ ಹಾಕಿದ ಮೇಲೆ ಅವರು ನೋಡುತ್ತಿದ್ದುದು ಪರದೆಯನ್ನಲ್ಲ. ಕಣ್ಣು ಕಿರಿದು ಮಾಡಿ, ತಲೆ ಒಂದು ಬದಿಗೆ ವಾಲಿಸಿ ಕಿವಿಗೊಡುತ್ತಿದ್ದರು. ಬಿಬಿಸಿ ಮೈಕ್ರೋ ಎದ್ದೇಳುವಾಗ ಮೊದಲು ತಗ್ಗಿನ ಸ್ವರವೊಂದು ಹೊರಡುತ್ತದೆ, ಮರುಕ್ಷಣ ಅದು ನಿಂತು ಏರಿದ ಸ್ವರದಲ್ಲಿ ಚಿಕ್ಕದೊಂದು ಬೀಪ್ ಕೇಳಿಸುತ್ತದೆ. ಆ ಎರಡನೆಯ ಸದ್ದು ಬಂದ ಮೇಲೆ ಮಾತ್ರ ಅವರು ನಮ್ಮ ಕಡೆ ತಿರುಗುತ್ತಿದ್ದರು. ಅದರ ಕಾರಣ ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು. ಮೊದಲ ಸ್ವರ ಧ್ವನಿ ಚಿಪ್ಪಿನದು. ವಿದ್ಯುತ್ ಸಿಕ್ಕಿದೊಡನೆ ಅದು ಯಾರ ಅಪ್ಪಣೆಗೂ ಕಾಯದೆ ಸದ್ದು ಮಾಡತೊಡಗುತ್ತದೆ. ಅದನ್ನು ನಿಲ್ಲಿಸುವುದು ಯಂತ್ರದ ಶಾಶ್ವತ ಮೆಮರಿಯಾದ ರೋಮ್‌ನಲ್ಲಿರುವ, ಪ್ರೊಸೆಸರ್ ನಡೆಸುವ ಪ್ರೋಗ್ರಾಮಿನ ಕೆಲಸ. ಎಂದರೆ ತಗ್ಗಿನ ಸ್ವರ ನಿಲ್ಲದೆ ಎಳೆಯುತ್ತಲೇ ಹೋದರೆ ಚಿಪ್ಪುಗಳಿಗೆ ಒಂದಿಷ್ಟು ವಿದ್ಯುತ್ತು ಸಿಕ್ಕಿದೆ, ಆದರೆ ಪ್ರೊಸೆಸರ್ ತನ್ನ ಕೆಲಸ ಮಾಡಿಲ್ಲ ಎಂದು ಅರ್ಥ. ಆ ಸ್ಥಿತಿಯಲ್ಲಿ ಯಂತ್ರ ಆನ್ ಆಗಿದೆಯೋ ಇಲ್ಲವೋ ಎಂದು ಕೇಳಿದರೆ ನಾನು ಏನು ಹೇಳಲಿ? ಕೀಲಿಮಣೆಯ ಕೆಂಪು ದೀಪ ಉರಿಯುತ್ತಿರುತ್ತದೆ. ಆದರೆ ಎಲ್‌ಇಡಿ ದೀಪ ಬೆಳಗಲು ಎರಡು ವೋಲ್ಟಿನ ಆಸುಪಾಸು ಸಾಕು. ಅದನ್ನು ನೋಡಿ ಚಿಪ್ಪುಗಳಿಗೆ ಬೇಕಾದ ಐದು ವೋಲ್ಟು ಬಂದಿದೆ ಎನ್ನಲಾಗದು.

ಪ್ಲಗ್ಗಿಗೆ ಹಾಕುವ ಮೊದಲು

ಈಗ ನನ್ನ ಬಳಿ ಇರುವ ಯಂತ್ರ ಆ ಶಾಲೆಯದಲ್ಲ. ನಿವೃತ್ತ ಅಧ್ಯಾಪಕರಾದ ನನ್ನ ಮಾವ, ಗುಜರಿಗೆ ಹೋಗಬೇಕಾಗಿದ್ದ ಸಾಮಾನುಗಳ ನಡುವಿನಿಂದ ಅದನ್ನು ಎತ್ತಿ ತಂದು ಕಾಪುವಿನ ತಮ್ಮ ಮನೆಯ ಅಟ್ಟದಲ್ಲಿ ಇಟ್ಟಿದ್ದರು. ರಾತ್ರಿ ಕಡಲಿನ ಸದ್ದು ಕೇಳುವಷ್ಟು ಹತ್ತಿರದ ಮನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಅಟ್ಟದ ಪುಸ್ತಕಗಳಿಗೆ ಬೂಸ್ಟು ಹಿಡಿಯುವುದು ಹೊಸದಲ್ಲ. ಕಂಪ್ಯೂಟರಿಗೂ ಅದೇ ಗಾಳಿ, ಅದೇ ತೇವ, ಅದರ ಮೇಲೆ ಉಪ್ಪು. "ಬೇಕಾದರೆ ತೆಗೆದುಕೊಂಡು ಹೋಗು, ಆದರೆ ಇಲ್ಲಿ ಆನ್ ಮಾಡಬೇಡ" ಎಂದು ಮಾವ ಹೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ವರ್ಷಗಟ್ಟಲೆ ಮಲಗಿದ್ದ ಯಂತ್ರಕ್ಕೆ ಅತ್ಯಂತ ಅಪಾಯದ ಗಳಿಗೆ ಎಂದರೆ ಮತ್ತೆ ಮೊದಲ ಸಲ ಸ್ವಿಚ್ ಹಾಕುವ ಗಳಿಗೆಯೇ.

ಹಿಂದಿನ ಎರಡು ಮತ್ತು ತಳದ ಎರಡು ತಿರುಪುಗಳನ್ನು ತೆಗೆದರೆ ಮೇಲಿನ ಮುಚ್ಚಳ ಕಳಚುತ್ತದೆ. ಎದುರಿನಿಂದ ನೋಡುವಾಗ ಎಡಬದಿಯಲ್ಲಿರುವ ಲೋಹದ ಪೆಟ್ಟಿಗೆಯೇ ಗೋಡೆಯ ಕರೆಂಟನ್ನು ಐದು ವೋಲ್ಟಿಗೆ ಇಳಿಸುವ ಪವರ್ ಸಪ್ಲೈ. ಅದನ್ನು ಬಿಚ್ಚಿ, ಪ್ಲಗ್ಗಿನಿಂದ ಬರುವ ತಂತಿಗಳು ಒಳಗೆ ಸೇರುವ ಜಾಗದಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲಿ, ಕಾಗದಕ್ಕೆ ಲೋಹ ಲೇಪಿಸಿ ರಾಳದಲ್ಲಿ ಅದ್ದಿ ಮಾಡಿದ ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಭಾಗ) ಒಂದಿತ್ತು. ಚೊಕ್ಕ ಚೌಕದ, ತಿಳಿಹಳದಿ ಬಣ್ಣದ, ಒಳಗಿನ ಸುರುಳಿ ಮಸುಕಾಗಿ ಕಾಣಿಸುವ ಪಾರದರ್ಶಕ ಕವಚ. ಬರಿಗಣ್ಣಿಗೆ ನುಣುಪಾಗಿ ಕಂಡದ್ದು ಗಾಜಿನಡಿಯಲ್ಲಿ ಬೇರೆಯೇ ಆಗಿತ್ತು: ಒಂದು ಮೂಲೆಯಿಂದ ಹೊರಟ ಕೂದಲೆಳೆಯಂಥ ಬಿರುಕು ನಡುವಿನಲ್ಲಿ ಕವಲೊಡೆದು ಇನ್ನೊಂದು ಅಂಚಿಗೆ ಮುಟ್ಟಿತ್ತು, ಕವಲುಗಳ ಸುತ್ತ ರಾಳ ಸ್ವಲ್ಪ ಬಿಳಿಚಿಕೊಂಡಿತ್ತು. ಆ ಬಿರುಕಿನ ಮೂಲಕ ಎಷ್ಟು ಮಳೆಗಾಲಗಳ ತೇವ ಒಳಗಿನ ಕಾಗದಕ್ಕೆ ಇಳಿದಿರಬಹುದು ಎಂದು ಯೋಚಿಸಿದರೆ ಸಾಕು.

ಈ ಬಗೆಯ ಕೆಪಾಸಿಟರು ಮೈನ್ಸ್‌ನ, ಅಂದರೆ ಗೋಡೆಯಿಂದ ಬರುವ ಕರೆಂಟಿನ, ಎರಡು ತಂತಿಗಳ ನಡುವೆ ನೇರವಾಗಿ ಕೂತಿರುತ್ತದೆ. ಸಪ್ಲೈಯೊಳಗಿನ ಅತಿವೇಗದ ಸ್ವಿಚಿಂಗ್‌ನಿಂದ ಹುಟ್ಟುವ ಗದ್ದಲ ಮನೆಯ ವೈರಿಂಗಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ವರ್ಷಗಳ ಬಿಸಿ ಮತ್ತು ತಂಪಿನಿಂದ ಕವಚ ಬಿರಿಯುತ್ತದೆ, ಕಾಗದ ತೇವ ಹೀರುತ್ತದೆ, ಅದರ ತಡೆಯುವ ಶಕ್ತಿ ಕುಗ್ಗುತ್ತದೆ. ಮತ್ತೆ 230 ವೋಲ್ಟು ಬಿದ್ದಾಗ ಒಳಗೊಳಗೇ ಕಾದು, ಕೆಲವೊಮ್ಮೆ ಹತ್ತು ನಿಮಿಷ ಎಲ್ಲವೂ ಸರಿಯಾಗಿ ನಡೆದ ಮೇಲೆ, ಸದ್ದಿನೊಂದಿಗೆ ಒಡೆದು ಕೋಣೆ ತುಂಬ ಕಟುವಾದ ಹೊಗೆ ಬಿಡುತ್ತದೆ. ಇದು ತಯಾರಿಸಿದವರ ಲೋಪವಲ್ಲ. ನಾಲ್ಕು ದಶಕ ಬಾಳಬೇಕೆಂದು ಯಾರೂ ಅದನ್ನು ಮಾಡಿರಲಿಲ್ಲ. ಗಮನಿಸಬೇಕಾದ ವಿಷಯವೆಂದರೆ, ಅದು ಒಡೆದ ಮೇಲೂ ಕಂಪ್ಯೂಟರ್ ಎಷ್ಟೋ ಸಲ ಏನೂ ಆಗದಂತೆ ನಡೆಯುತ್ತಲೇ ಇರುತ್ತದೆ, ಏಕೆಂದರೆ ಆ ಭಾಗ ಗದ್ದಲ ತಡೆಯಲಿಕ್ಕೇ ಹೊರತು ವಿದ್ಯುತ್ ಸಾಗಿಸಲಿಕ್ಕಲ್ಲ. ಯಂತ್ರ ಆನ್ ಆಗಿರುತ್ತದೆ, ಕೋಣೆಯಲ್ಲಿ ಹೊಗೆಯೂ ಇರುತ್ತದೆ.

ಬದಲಿ ಕೆಪಾಸಿಟರಿಗಾಗಿ ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ವಿಚಾರಿಸಿದಾಗ ಒಬ್ಬರು ಕೆಂಪು ಬಣ್ಣದ ಪುಟ್ಟದೊಂದನ್ನು ಕೈಗೆ ಕೊಟ್ಟು, "ಇದು ಆರ್ನೂರ ಮೂವತ್ತು ವೋಲ್ಟಿಂದು ಸಾರ್, ನಿಮ್ಮದು ಇನ್ನೂರ ಮೂವತ್ತಲ್ವಾ? ಧಾರಾಳ ಸಾಕು" ಎಂದರು. ಅವರು ಪ್ರಾಮಾಣಿಕವಾಗಿಯೇ ಹೇಳಿದ್ದು. ಆದರೆ ಆ 630 ಡಿಸಿ ವೋಲ್ಟಿನ ಲೆಕ್ಕ. ಮೈನ್ಸ್‌ಗೆ ಅಡ್ಡಲಾಗಿ ಕೂರುವ ಕೆಪಾಸಿಟರು ಹಗಲು ರಾತ್ರಿ ಎಸಿಯನ್ನು ತಾಳಬೇಕು, ಸಿಡಿಲಿನ ದಿನಗಳಲ್ಲಿ ಲೈನಿನಲ್ಲಿ ಬರುವ ಕ್ಷಣಿಕ ಏರಿಕೆಯನ್ನೂ ತಾಳಬೇಕು. ಅದಕ್ಕೆಂದೇ ಪರೀಕ್ಷಿಸಿದ ಎಕ್ಸ್2 ವರ್ಗದವು ಬೇರೆಯೇ ಇವೆ, ಅವುಗಳ ಮೈಮೇಲೆ 275 ವೋಲ್ಟ್ ಎಸಿ ಎಂದು ಎಕ್ಸ್2 ಗುರುತಿನೊಂದಿಗೆ ಅಚ್ಚಾಗಿರುತ್ತದೆ. ಸಿಡಿಲು ಇಷ್ಟು ಬೀಳುವ ನಮ್ಮ ಜಿಲ್ಲೆಗಳಲ್ಲಿ ಈ ಗುರುತಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಥದ್ದೇ ಇನ್ನೊಂದು ವಿಷಯ ಪ್ಲಗ್ಗಿನದು. ಇಂಗ್ಲೆಂಡಿನ ಪ್ಲಗ್ಗಿನೊಳಗೆ ಫ್ಯೂಸ್ ಇರುತ್ತದೆ. ಇಲ್ಲಿ ಅದನ್ನು ಕತ್ತರಿಸಿ ನಮ್ಮ ಗುಂಡು ಪಿನ್ನಿನ ಪ್ಲಗ್ ಜೋಡಿಸಿದಾಗ ಆ ರಕ್ಷಣೆ ಸದ್ದಿಲ್ಲದೆ ಹೊರಟುಹೋಗುತ್ತದೆ. ಮಾವನ ಯಂತ್ರಕ್ಕೂ ಹಾಗೆಯೇ ಆಗಿತ್ತು. ಈಗ ಫ್ಯೂಸ್ ಇರುವ ಪ್ರತ್ಯೇಕ ಬೋರ್ಡಿನ ಮೂಲಕವೇ ಅದಕ್ಕೆ ಕರೆಂಟ್ ಕೊಡುತ್ತೇನೆ.

ಮೂರನೆಯ ಪಿನ್ನಿನ ಬಗ್ಗೆಯೂ ಒಂದು ಮಾತು. ಮುರಕಲ್ಲಿನ ನೆಲದಲ್ಲಿ ಅರ್ತ್ ಸರಿಯಾಗಿ ಕೂರುವುದು ಕಷ್ಟ. ಇದ್ದಿಲು, ಉಪ್ಪು ಹಾಕಿದ ಅರ್ತ್ ಗುಂಡಿಗೆ ಏಪ್ರಿಲ್, ಮೇ ತಿಂಗಳಲ್ಲಿ ನೀರು ಹೊಯ್ಯುವ ಮನೆಗಳು ಇಂದಿಗೂ ಇವೆ, ಅದು ಬಹಳ ಒಳ್ಳೆಯ ರೂಢಿ. ಎಸ್‌ಎಂಪಿಎಸ್ ಬಗೆಯ, ಅಂದರೆ ಈ ಯಂತ್ರದಲ್ಲಿರುವಂಥ ಅತಿವೇಗದ ಸ್ವಿಚಿಂಗಿನ, ಸಪ್ಲೈಗಳಲ್ಲಿ ಸಾಮಾನ್ಯವಾಗಿ ಮೈನ್ಸ್‌ನ ಎರಡು ತಂತಿಗಳಿಂದಲೂ ಅರ್ತ್‌ಗೆ ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ತ್ ತುಂಡಾಗಿದ್ದರೆ ಯಂತ್ರದ ಲೋಹದ ಭಾಗಗಳು ಮೈನ್ಸ್‌ನ ಅರ್ಧದಷ್ಟು ವೋಲ್ಟೇಜಿಗೆ ಏರಿ, ಮುಟ್ಟಿದರೆ ಜುಮ್ಮೆನ್ನುತ್ತದೆ. ಕರೆಂಟ್ ಅತ್ಯಲ್ಪವಾದ್ದರಿಂದ ಹಾಗೆಯೇ ಬಿಟ್ಟುಬಿಡುವವರಿದ್ದಾರೆ. ಬಿಡಬಾರದು. ಮೊದಲು ಮನೆಯ ಅರ್ತ್ ಸರಿಮಾಡಿಸಬೇಕು, ಕಂಪ್ಯೂಟರಿನ ದೋಷ ಆಮೇಲಿನದು.

ಬಲ್ಬು ಹೇಳುವುದು

ಸಪ್ಲೈಗೆ ಮೊದಲ ಸಲ ವಿದ್ಯುತ್ ಕೊಡುವ ಕ್ರಮವನ್ನು ನಾನು ಕಲಿತದ್ದು ಉಡುಪಿಯ ಕಲ್ಸಂಕದ ಹತ್ತಿರ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿಂದ. ಕಾಲೇಜಿನ ದಿನಗಳಲ್ಲಿ ಬಸ್ಸಿಗೆ ಕಾಯುವ ಹೊತ್ತನ್ನು ನಾನು ಅವರ ಅಂಗಡಿಯ ಮರದ ಸ್ಟೂಲಿನ ಮೇಲೆ ಕಳೆಯುತ್ತಿದ್ದೆ. ಬೆಂಚಿನ ಒಂದು ತುದಿಯಲ್ಲಿ ಹಲಗೆಗೆ ಹೊಡೆದ ಮೂರು ಬಲ್ಬ್ ಹೋಲ್ಡರುಗಳು, ಅವುಗಳ ಪಕ್ಕ ಒಂದು ಸಾಕೆಟ್. ಅದೇ ಸೀರೀಸ್ ಬೋರ್ಡ್. ರಿಪೇರಿಗೆ ಬಂದ ಯಾವ ವಸ್ತುವೂ ಆ ಬಲ್ಬನ್ನು ದಾಟದೆ ಕರೆಂಟ್ ಕಾಣುತ್ತಿರಲಿಲ್ಲ. ಒಮ್ಮೆ ಮಳೆಯಲ್ಲಿ ನೆನೆದ ಟಿವಿಯನ್ನು ತಂದವರು ಅವಸರ ಮಾಡಿದಾಗ ಅವರು ನನ್ನ ಕಡೆ ತಿರುಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಸೀದಾ ಪ್ಲಗ್ಗಿಗೆ ಎಂತದನ್ನೂ ಹಾಕ್ಬಾರ್ದು ಮಾರಾಯ. ಬಲ್ಬ್ ಎಂತ ಹೇಳ್ತದೆ, ಅದನ್ನು ಕೇಳುವ ಮೊದಲು." ಸ್ವಿಚ್ ಹಾಕುವಾಗ ಅವರ ಎಡಗೈ ಬೆನ್ನ ಹಿಂದೆ ಇರುತ್ತಿತ್ತು. ಬಲ್ಬು ಒಂದು ಕ್ಷಣ ಝಗ್ಗೆಂದು ಬೆಳಗಿ ಮತ್ತೆ ಮಂಕಾದರೆ ಒಳಗಿನ ದೊಡ್ಡ ಕಂಡೆನ್ಸರ್ (ಕೆಪಾಸಿಟರ್) ತುಂಬಿಕೊಂಡಿತು, ಮುಂದೆ ಹೋಗಬಹುದು. ಬೆಳಗಿದ್ದು ಹಾಗೆಯೇ ನಿಂತರೆ ಎಲ್ಲೋ ಶಾರ್ಟ್ ಇದೆ. ಸುಡಬೇಕಾದ ಕರೆಂಟನ್ನು ಬಲ್ಬು ತಾನು ತಡೆದುಕೊಂಡಿದೆ. ಅವತ್ತಿನ ಟಿವಿಯಲ್ಲಿ ಬಲ್ಬು ಪೂರ್ತಿ ಬೆಳಗಿಯೇ ನಿಂತಿತು. ಅವರು ಸ್ವಿಚ್ ಆರಿಸಿ, ಟಿವಿಯವರಿಗೆ ಆ ಬಲ್ಬನ್ನು ತೋರಿಸಿ, ನಾಲ್ಕು ದಿನ ಬಿಟ್ಟು ಬರಲು ಹೇಳಿದರು.

ಎಸ್‌ಎಂಪಿಎಸ್‌ಗೆ ಈ ವಿಧಾನ ಅನ್ವಯಿಸುವಾಗ ಒಂದು ಎಚ್ಚರ ಬೇಕು. ಸಾಮಾನ್ಯ ಬಲ್ಬಿಗೆ ವೋಲ್ಟೇಜ್ ಕಡಿಮೆಯಾದರೆ ಅದು ಎಳೆಯುವ ಕರೆಂಟೂ ಕಡಿಮೆಯಾಗುತ್ತದೆ. ಎಸ್‌ಎಂಪಿಎಸ್ ಹಾಗಲ್ಲ, ಹೊರಗೆ ಕೊಡಬೇಕಾದ ಶಕ್ತಿ ಅಷ್ಟೇ ಇರುವುದರಿಂದ ಒಳಬರುವ ವೋಲ್ಟೇಜ್ ಇಳಿದಂತೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಹೀಗಾಗಿ ಸಣ್ಣ ಬಲ್ಬು ಹಾಕಿದರೆ ಸರಿಯಾಗಿರುವ ಸಪ್ಲೈಯೂ ಎದ್ದು ಬಿದ್ದು ಮಾಡುತ್ತ, ಬಲ್ಬು ಮಿಣುಕುತ್ತ ಇರುತ್ತದೆ, ನೋಡುವವರಿಗೆ ಕೆಟ್ಟಿದೆ ಎನಿಸುತ್ತದೆ. ನಾನು 100 ವ್ಯಾಟಿನದನ್ನೇ ಬಳಸುತ್ತೇನೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ತಂತಿಯ ಹಳೆಯ ಬಲ್ಬೇ ಬೇಕು, ಸಿಕ್ಕಿದ ಕಡೆ ಒಂದೆರಡು ಹೆಚ್ಚೇ ತಂದಿಟ್ಟುಕೊಳ್ಳುವುದು ಒಳ್ಳೆಯದು. ಇನ್ನು ಆರಿಸಿದ ಮೇಲೆಯೂ ಕೈ ಹಾಕುವ ಹಾಗಿಲ್ಲ. 230 ವೋಲ್ಟ್ ಎಸಿಯನ್ನು ಡಿಸಿಗೆ ತಿರುಗಿಸಿದಾಗ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟಿನಷ್ಟು ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಅಲ್ಲಿಯೇ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತಕ್ಕ ರೆಸಿಸ್ಟರಿನ ಮೂಲಕ ನಿಧಾನವಾಗಿ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಮುಟ್ಟಬೇಕು. ಮೈನ್ಸ್‌ನ ಕೆಲಸ ಅಭ್ಯಾಸವಿಲ್ಲದವರು ಆ ಪೆಟ್ಟಿಗೆಯನ್ನು ತೆರೆಯದೆ ಬಲ್ಲವರ ಬಳಿಗೆ ಒಯ್ಯುವುದೇ ಸರಿ.

ಭಾರವಿಲ್ಲದೆ ಅಳೆದ ಅಳತೆ

ಮಾವನ ಯಂತ್ರದ ಸಪ್ಲೈಯಲ್ಲಿ ಮೈನ್ಸ್ ಬದಿಯ ಕೆಪಾಸಿಟರುಗಳನ್ನೂ, 220 ಮೈಕ್ರೋಫ್ಯಾರಡಿನ ಒಣಗಿದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಂದನ್ನೂ ಬದಲಿಸಿದ ಮೇಲೆ, ಅದನ್ನು ಕಂಪ್ಯೂಟರಿಗೆ ಜೋಡಿಸದೆ ಬೇರೆಯಾಗಿ ನಡೆಸಿದೆ. ಬರಿಯ ಸಪ್ಲೈಯ ಹೊರಮುಖದಲ್ಲಿ ಐದು ವೋಲ್ಟು ಕಂಡ ಮಾತ್ರಕ್ಕೆ ಅದನ್ನು ನಂಬಲಾಗದು. ಎಸ್‌ಎಂಪಿಎಸ್‌ಗಳಲ್ಲಿ ಅನೇಕವು ಭಾರವಿಲ್ಲದೆ, ಅಂದರೆ ಕರೆಂಟ್ ಎಳೆಯುವ ವಸ್ತುವೊಂದನ್ನು ಜೋಡಿಸದೆ, ಸರಿಯಾಗಿ ನಡೆಯುವುದೇ ಇಲ್ಲ; ನಡೆದರೂ, ಹೊರಲು ಏನೂ ಇಲ್ಲದಾಗ ಕೊಡುವ ಅಂಕಿ ಅದರ ಬಲವನ್ನು ತಿಳಿಸುವುದಿಲ್ಲ. ಸ್ಕೂಟರಿನ 12 ವೋಲ್ಟಿನ ಹೆಡ್‌ಲೈಟ್ ಬಲ್ಬನ್ನು ಐದು ವೋಲ್ಟಿನ ಸಾಲಿಗೆ ಕಟ್ಟಿದರೆ ಅದು ಮಂದವಾಗಿ ಉರಿಯುತ್ತ ಒಂದು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಬಿಬಿಸಿ ಮೈಕ್ರೋದ ಸಪ್ಲೈ ಐದು ವೋಲ್ಟಿನಲ್ಲಿ 3.75 ಆಂಪಿಯರ್ ಕೊಡಬಲ್ಲದು, ಆದ್ದರಿಂದ ಇದು ಅದಕ್ಕೆ ಹಗುರವಾದ ಭಾರವೇ. ಅಷ್ಟು ಭಾರದಲ್ಲಿ ಅರ್ಧ ಗಂಟೆ ಬಿಟ್ಟು ನೋಡಿದಾಗ ಮೀಟರಿನಲ್ಲಿ 5.04 ನಿಂತಿತ್ತು. ಮೀಟರನ್ನು ಎಸಿಗೆ ತಿರುಗಿಸಿದಾಗಲೂ ಏರಿಳಿತ ಹೆಚ್ಚೇನೂ ಕಾಣಲಿಲ್ಲ. ಈ ಎರಡನೆಯ ಅಳತೆಯನ್ನು ಬಿಡಬಾರದು. ಡಿಸಿಯಲ್ಲಿ ಮೀಟರು ತೋರಿಸುವುದು ಸರಾಸರಿಯನ್ನು, ಒಣಗಿದ ಕೆಪಾಸಿಟರು ಬಿಟ್ಟ ಅಲೆಗಳು ಆ ಸರಾಸರಿಯ ಹಿಂದೆ ಮರೆಯಾಗಿರುತ್ತವೆ. ಆಸಿಲೋಸ್ಕೋಪ್ ಇದ್ದವರಿಗೆ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಸಪ್ಲೈಯನ್ನು ಯಂತ್ರಕ್ಕೆ ಜೋಡಿಸಿದಾಗ ಎರಡನೆಯ ಬೀಪ್ ಬಂತು, ಪರದೆಯಲ್ಲಿ 'ಬಿಬಿಸಿ ಕಂಪ್ಯೂಟರ್ 32ಕೆ' ಎಂಬ ಸಾಲು ಮೂಡಿತು. ಆದರೆ ಸ್ವಲ್ಪ ಹೊತ್ತು ಕಾದ ಮೇಲೆ ಅಕ್ಷರಗಳು ಕದಡಿ ಯಂತ್ರ ತಾನಾಗಿ ನಿಂತುಬಿಡುತ್ತಿತ್ತು. ಇಂಥ ಹೊತ್ತಿನಲ್ಲಿ ಮೆಮರಿ ಚಿಪ್ಪುಗಳ ಮೇಲೆ ಅನುಮಾನ ಹೋಗುವುದು ಸಹಜ, ಅವನ್ನು ಒಂದೊಂದಾಗಿ ಕಿತ್ತು ಬದಲಿಸಲು ಹೊರಡುವವರೂ ಇದ್ದಾರೆ. ನಾನು ಮೀಟರನ್ನು ಮತ್ತೆ ಕೈಗೆತ್ತಿಕೊಂಡೆ. ಕರಿ ಕಡ್ಡಿಯನ್ನು ಸಪ್ಲೈಯ ಪೆಟ್ಟಿಗೆಗೆ ಕಚ್ಚಿಸಿ ಬೋರ್ಡಿನ ದೂರದ ಮೂಲೆಯ ಚಿಪ್ಪೊಂದರ ಮೇಲೆ ಅಳೆದರೆ 4.75 ವೋಲ್ಟು. ಆ ಕಾಲದ ಚಿಪ್ಪುಗಳಿಗೆ 4.75ರಿಂದ 5.25ರ ನಡುವೆ ಇರಬೇಕೆಂಬುದು ನಿಯಮ. ಅಂದರೆ ಕಷ್ಟದಲ್ಲಿ ಪಾಸು. ಆದರೆ ಚಿಪ್ಪಿಗೆ ಸಪ್ಲೈಯ ಪೆಟ್ಟಿಗೆ ಎಲ್ಲಿದೆ ಎಂದು ಗೊತ್ತಿಲ್ಲ. ಅದಕ್ಕೆ ಸಿಗುವುದು ತನ್ನ ಎರಡು ಪಿನ್ನುಗಳ ನಡುವೆ ಇದ್ದಷ್ಟೇ. ಕರಿ ಕಡ್ಡಿಯನ್ನು ಅದೇ ಚಿಪ್ಪಿನ, ಕರೆಂಟ್ ಮರಳಿ ಹೋಗುವ ನೆಲದ (ಗ್ರೌಂಡ್) ಪಿನ್ನಿಗೆ ಮುಟ್ಟಿಸಿದಾಗ ಅಂಕಿ 4.62ಕ್ಕೆ ಇಳಿಯಿತು. ಹೋಗುವ ದಾರಿಯಲ್ಲಿ ಕಳೆದಂತೆ ಮರಳುವ ದಾರಿಯಲ್ಲಿಯೂ ವೋಲ್ಟೇಜ್ ಕಳೆಯುತ್ತದೆ ಎಂಬುದನ್ನು ಅಳೆಯುವವರು ಬಹಳ ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

5.04ಕ್ಕೂ 4.62ಕ್ಕೂ ನಡುವಿನ 0.42 ಎಲ್ಲಿ ಹೋಯಿತು? ಈ ಯಂತ್ರದಲ್ಲಿ ಐದು ವೋಲ್ಟಿಗೆ ಮೂರು ತಂತಿಗಳು, ಮರಳುವುದಕ್ಕೆ ಮೂರು. ಪ್ರತಿಯೊಂದರ ತುದಿಯಲ್ಲೂ ಬೋರ್ಡಿನ ಚಪ್ಪಟೆ ಪಿನ್ನಿಗೆ ಒತ್ತಿ ಕೂರಿಸುವ ಲೋಹದ ಟ್ಯಾಗ್. ಆ ಜೋಡಣೆಯ ತಡೆಯನ್ನು ಮೀಟರಿನ ಓಮ್ ಭಾಗದಲ್ಲಿ ಅಳೆಯಹೋದರೆ ಏನೂ ತಿಳಿಯದು. ಮೀಟರಿನ ಕಡ್ಡಿಗಳ ತಡೆಯೇ ಅದಕ್ಕೆ ಸಮನಾಗಿರುತ್ತದೆ. ಯಂತ್ರ ನಡೆಯುತ್ತಿರುವಾಗ, ಒಂದು ಕಡ್ಡಿಯನ್ನು ಟ್ಯಾಗಿಗೆ ಸೇರುವ ತಂತಿಯ ಮೇಲೂ ಇನ್ನೊಂದನ್ನು ಬೋರ್ಡಿನ ಬೆಸುಗೆಯ ಮೇಲೂ ಇಟ್ಟು, ಆ ಒಂದು ಸೆಂಟಿಮೀಟರಿನ ಅಂತರದಲ್ಲಿ ಎಷ್ಟು ವೋಲ್ಟು ಬೀಳುತ್ತಿದೆ ಎಂದು ನೋಡಬೇಕು. ಕೆಂಪು ತಂತಿಯ ಒಂದು ಟ್ಯಾಗಿನಲ್ಲಿ 0.19, ಅದರ ಜೊತೆಯ ಕರಿ ತಂತಿಯ ಟ್ಯಾಗಿನಲ್ಲಿ 0.13 ಸಿಕ್ಕಿತು. ಒಂದು ಆಂಪಿಯರ್ ಹರಿಯುವ ಕಡೆ 0.2 ಓಮ್ ತಡೆ ಹುಟ್ಟಿದರೆ ಸಾಕು, ಅಷ್ಟು ಹೋಗುತ್ತದೆ. ಉಳಿದದ್ದು ಬೋರ್ಡಿನ ತಾಮ್ರದ ದಾರಿಯ ಪಾಲು. ಆ ಟ್ಯಾಗನ್ನು ಎಳೆದು ತೆಗೆದಾಗ ಒಳಮೈ ಬೂದು ಬಣ್ಣಕ್ಕೆ ತಿರುಗಿತ್ತು, ಹೊರಗಿನ ಪ್ಲಾಸ್ಟಿಕ್ ಕವಚ ಒಂದು ಬದಿಯಲ್ಲಿ ಕಂದಾಗಿ ಗಟ್ಟಿಯಾಗಿತ್ತು. ತುಕ್ಕಿನಿಂದ ತಡೆ, ತಡೆಯಿಂದ ಬಿಸಿ, ಬಿಸಿಯಿಂದ ಟ್ಯಾಗಿನ ಬಿಗಿ ಸಡಿಲವಾಗಿ ಇನ್ನಷ್ಟು ತಡೆ. ಯಂತ್ರ ಕಾದ ಮೇಲೆಯೇ ನಿಲ್ಲುತ್ತಿದ್ದುದಕ್ಕೆ ಕಾರಣ ಅಲ್ಲಿತ್ತು. ಮೆಮರಿ ಚಿಪ್ಪುಗಳಲ್ಲಿ ಯಾವ ದೋಷವೂ ಇರಲಿಲ್ಲ. ಪಿನ್ನುಗಳನ್ನು ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಹೊಸ ಟ್ಯಾಗುಗಳನ್ನು ಒತ್ತಿ ಕೂರಿಸಿದ ಮೇಲೆ ಅದೇ ಚಿಪ್ಪಿನ ಮೇಲೆ 4.91 ಸಿಕ್ಕಿತು.

ಹೆಚ್ಚಾದರೂ, ಕ್ರಮ ತಪ್ಪಿದರೂ

ಬಿಬಿಸಿ ಮೈಕ್ರೋದ ಕಥೆ ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ. ಭಾರತದಲ್ಲಿ ಡೆಸಿಬೆಲ್ಸ್ ಕಂಪನಿ 1986ರ ಸುಮಾರಿಗೆ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಎಂದು ಮಾರಿದ ಸಿಂಕ್ಲೇರ್ ಸ್ಪೆಕ್ಟ್ರಮ್ ಕೆಲವರ ಮನೆಯಲ್ಲಿ ಇನ್ನೂ ಇರಬಹುದು. ಅದರ ಅಡಾಪ್ಟರ್ 9 ವೋಲ್ಟಿನದು, ಅದರ ಪಿನ್ನಿನ ನಡುಭಾಗ ಋಣ. ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರುಗಳಲ್ಲಿ ನಡುಭಾಗ ಧನ. ಆದ್ದರಿಂದ ಪಿನ್ನು ಹೊಂದಿತೆಂದು ಚುಚ್ಚುವಂತಿಲ್ಲ. ಮೂಲ ಅಡಾಪ್ಟರನ್ನು ಭಾರವಿಲ್ಲದೆ ಅಳೆದರೆ 9ಕ್ಕಿಂತ ಸಾಕಷ್ಟು ಹೆಚ್ಚು ಕಾಣುತ್ತದೆ. ಅದು ನಿಯಂತ್ರಣವಿಲ್ಲದ ಬಗೆಯದಾದ್ದರಿಂದ ಆ ಹೆಚ್ಚಳ ದೋಷವಲ್ಲ. ಒಳಗೆ 7805 ಎಂಬ ನಿಯಂತ್ರಕ ಅದನ್ನು ಐದಕ್ಕೆ ಇಳಿಸುತ್ತದೆ, ಇಳಿಸಿದ ಉಳಿಕೆಯೆಲ್ಲ ಬಿಸಿಯಾಗಿ ಹೋಗುತ್ತದೆ. ಸೂಕ್ಷ್ಮ ಇರುವುದು ಅದರ ಕೆಳಭಾಗದ 4116 ಮೆಮರಿ ಚಿಪ್ಪುಗಳಲ್ಲಿ. ಅವಕ್ಕೆ ಐದು ವೋಲ್ಟಿನ ಜೊತೆಗೆ ಹನ್ನೆರಡು ವೋಲ್ಟೂ, ಋಣ ಐದು ವೋಲ್ಟೂ ಬೇಕು. ಋಣ ಐದು ಇಲ್ಲದೆ ಉಳಿದೆರಡು ಬಂದರೆ ಚಿಪ್ಪುಗಳು ಹಾಳಾಗುತ್ತವೆ. ಅಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರು ಕೆಟ್ಟದ್ದನ್ನು ಗಮನಿಸದೆ ಹೊಸ ಮೆಮರಿ ಹಾಕಿದರೆ ಹೊಸದೂ ಹೋಗುತ್ತದೆ.

ಕಮೊಡೋರ್ 64ರಲ್ಲಿ ಭಯ ಇನ್ನೊಂದು ಬಗೆಯದು. ಅದರ ಕರಿ ಇಟ್ಟಿಗೆಯಂಥ ಸಪ್ಲೈಯನ್ನು ರಾಳ ಸುರಿದು ಮುಚ್ಚಿರುತ್ತಾರೆ, ರಿಪೇರಿಗೆ ತೆರೆಯಲಾಗದು. ಒಳಗಿನ ನಿಯಂತ್ರಕ ಹಳತಾಗಿ ಕೆಟ್ಟಾಗ ಐದು ವೋಲ್ಟು ಇಳಿಯುವ ಬದಲು ಏರಬಹುದು, ಆಗ ಮೆಮರಿ ಚಿಪ್ಪುಗಳು ಮೊದಲು ಬಲಿಯಾಗುತ್ತವೆ. ಅದನ್ನು ಕಂಪ್ಯೂಟರಿಗೆ ಚುಚ್ಚುವ ಮೊದಲು ಬೇರೆಯಾಗಿ, ಭಾರ ಕೊಟ್ಟು ಅಳೆಯಲೇಬೇಕು. ಅಥವಾ ಹೊಸ ಸಪ್ಲೈ ಬಳಸಬೇಕು. ನಾನಾದರೆ ಎರಡನೆಯದನ್ನೇ ಹೇಳುತ್ತೇನೆ.

ಹಾಗಾದರೆ ಬಿಬಿಸಿ ಮೈಕ್ರೋದಲ್ಲೂ ಹಳೆಯ ಸಪ್ಲೈಯನ್ನು ತೆಗೆದು ಇಂದಿನ ಪುಟ್ಟ ಐದು ವೋಲ್ಟಿನ ಸಪ್ಲೈ ಕೂರಿಸಬಾರದೇಕೆ ಎಂದು ಗೆಳೆಯರು ಕೇಳುತ್ತಾರೆ. ಕೂರಿಸಬಹುದು. ಋಣ ಐದು ವೋಲ್ಟು ಸರಣಿ (ಸೀರಿಯಲ್) ಪೋರ್ಟಿನಂಥ ಕೆಲವು ಭಾಗಗಳಿಗೆ ಬೇಕು, ಡಿಸ್ಕ್ ಡ್ರೈವಿಗೆಂದು ಕೆಳಗಿನ ಸಾಕೆಟ್ಟಿಗೆ ಹನ್ನೆರಡು ವೋಲ್ಟು ಬೇಕು ಎಂಬುದನ್ನು ಮರೆಯದಿದ್ದರೆ ಸಾಕು. ನಾನು ಹಳೆಯದನ್ನೇ ಉಳಿಸಿಕೊಂಡದ್ದು ಪ್ರೀತಿಯಿಂದ, ಅದರ ಜೊತೆಗೆ ಒಂದು ಲೆಕ್ಕದಿಂದಲೂ. ಆ ಪೆಟ್ಟಿಗೆಯೊಳಗಿನ ಪ್ರತಿಯೊಂದು ಭಾಗವೂ ಬಿಡಿಯಾಗಿ ಕೊಂಡು ಬದಲಿಸಬಹುದಾದದ್ದು, ಯಾವುದು ಕೆಟ್ಟರೂ ಕಾರಣ ತಿಳಿಯಬಹುದಾದದ್ದು. ಆದರೆ ಮಕ್ಕಳಿರುವ ಮನೆಯಲ್ಲಿ, ಯಾರೂ ನೋಡುತ್ತಿಲ್ಲದ ಹೊತ್ತಿನಲ್ಲಿ ನಡೆಯಬೇಕಾದ ಯಂತ್ರವಾದರೆ ಹೊಸ ಸಪ್ಲೈಯೇ ಒಳ್ಳೆಯದು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಮುಚ್ಚಳದ ಒಳಬದಿಗೆ ಈಗ ಒಂದು ಕಾಗದ ಅಂಟಿಸಿದ್ದೇನೆ. ಯಾವ ಭಾಗವನ್ನು ಯಾವಾಗ ಬದಲಿಸಲಾಯಿತು, ಸಪ್ಲೈಯ ಬಾಯಿಯಲ್ಲಿ ಎಷ್ಟು, ಪ್ರತಿ ಟ್ಯಾಗಿನಲ್ಲಿ ಎಷ್ಟು ಬೀಳುತ್ತಿದೆ, ದೂರದ ಮೂಲೆಯ ಚಿಪ್ಪಿನ ಪಿನ್ನುಗಳ ನಡುವೆ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಈ ಮಳೆಗಾಲ ಮುಗಿದು ತೇವ ಇಳಿದ ಮೇಲೆ ಅದೇ ಜಾಗಗಳಲ್ಲಿ, ಅದೇ ಮೀಟರಿನಿಂದ ಮತ್ತೆ ಅಳೆಯುತ್ತೇನೆ. ಮೂಲೆಯ ಚಿಪ್ಪಿನ ಅಂಕಿ 4.85ಕ್ಕಿಂತ ಕೆಳಗೆ ಬಂದಿದ್ದರೆ ತವರ ಲೇಪದ ಟ್ಯಾಗುಗಳನ್ನು ಬಿಟ್ಟು, ತಂತಿಗಳನ್ನು ಬೋರ್ಡಿಗೆ ನೇರವಾಗಿ ಬೆಸೆಯುವ ವಿಚಾರ ಮಾಡಬೇಕಾಗುತ್ತದೆ.